ಕುಡುಕರ ಸಾಲಿಗೆ ಹೋದ ಮಳೆಗಾಲ

ಹೋದ ತಿಂಗಳು ತಂಗಿಯ ಮೊಮ್ಮಗಳ ಮದುವೆಗೆಂದು ಸೀರೆ ಕೊಳ್ಳಲು ಬೆಟಗೇರಿಗೆ ಹೋಗಿದ್ದೆವು. ಅಂಗಡಿಯವರು ತೋರಿಸಿದ್ದು ಯಾವುದೂ ಹುಡುಗಿಯ ಮನಸ್ಸಿಗೆ ಬರಲಿಲ್ಲ. ನೇಕಾರರ ಮನೆಗೇ ಹೋಗಿ ನೋಡೋಣವೆಂದು ಓಣಿಯೊಳಗೆ ನಡೆದೆವು. ಮೂಲೆ ತಿರುಗಿದ್ದೇ ತಡ, ಹಸಿ ಗಂಜಿಯ ವಾಸನೆ ಮೂಗಿಗೆ ಬಂತು. ಓಣಿಯ ಉದ್ದಕ್ಕೂ ನೂಲಿನ ಹಾಸು ಎಳೆದು ಕಟ್ಟಿದ್ದರು. ಗಂಡ ಹೆಂಡತಿ ಇಬ್ಬರೂ ಅದಕ್ಕೆ ಗಂಜಿ ಸವರುತ್ತ ಆಚೆಯಿಂದ ಈಚೆಗೆ ನಡೆಯುತ್ತಿದ್ದರು. ನಾನು ಪಕ್ಕದ ಗೋಡೆ ಹಿಡಿದು ನಿಂತುಬಿಟ್ಟೆ.

‘ಯಾಕಜ್ಜಿ, ಚಕ್ಕರ್ ಬಂತೇನು?’ ಎಂದಳು ಹುಡುಗಿ.

‘ಇಲ್ಲವಾ. ನೀವು ಮುಂದ ನಡೀರಿ, ನಾ ಬರತೀನಿ.’

ತಲೆಸುತ್ತು ಬಂದಿರಲಿಲ್ಲ. ಆ ವಾಸನೆಯಲ್ಲಿ ನಾನು ಒಂದು ಇಡೀ ಮಳೆಗಾಲ ಬದುಕಿದ್ದೆ, ನನ್ನ ಮಗನ ಜೊತೆಗೆ. ಎಂಬತ್ನಾಲ್ಕನೆಯ ಇಸವಿ. ಮದುವೆಯ ಸಡಗರದಲ್ಲಿ ಹೇಳುವ ಮಾತಲ್ಲ ಅದು, ಅಂದು ಬಾಯಿ ಬಿಡಲಿಲ್ಲ. ಈಗ ಮನೆ ಖಾಲಿಯಾಗಿದೆ, ಬರೆಯಲು ಕುಳಿತಿದ್ದೇನೆ.

ಆಗ ನಾನು ಮುಂಡರಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದನೇ ತರಗತಿಗೆ ಅಕ್ಕೋರು. ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವುದೇ ನನ್ನ ಕೆಲಸ. ನಮ್ಮವರದು ಮಾರುಕಟ್ಟೆಯಲ್ಲಿ ಕಾಳಿನ ಅಡತಿ ಅಂಗಡಿ, ಹಿರೇವಡ್ಡಟ್ಟಿಯಲ್ಲಿ ಮನೆತನದ ಕಪ್ಪು ಮಣ್ಣಿನ ಎರಿ ಹೊಲ. ಮಗಳು ಗೀತಾಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದೆವು. ಅವಳಿಗಿಂತ ಚಿಕ್ಕವನು ಬಸವರಾಜ, ನಮ್ಮ ಬಸು. ಕಾಲೇಜು ಅರ್ಧಕ್ಕೆ ಬಿಟ್ಟು ಗದಗಿನಲ್ಲಿ ಒಂದು ಮುದ್ರಣಾಲಯ ಸೇರಿಕೊಂಡಿದ್ದ. ಅಚ್ಚಿನ ಮೊಳೆ ಜೋಡಿಸುವ ಕೆಲಸ. ಅಕ್ಷರಗಳನ್ನು ತಿರುವುಮುರುವಾಗಿ ಓದುವುದು ಅವನಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ನಾನು ಪಾಟಿಯ ಮೇಲೆ ಬರೆದದ್ದನ್ನು ಎದುರಿಗೆ ಕೂತು ತಲೆಕೆಳಗಾಗಿಯೇ ಓದಿ, ‘ಅವ್ವ, ನಿನ್ನ ಳಕಾರದ ಹೊಟ್ಟಿ ಭಾಳ ದೊಡ್ಡದಾತು’ ಎಂದು ನಗುತ್ತಿದ್ದ. ಮದುವೆಯ ಆಮಂತ್ರಣ ಪತ್ರಿಕೆ ಎಲ್ಲಿಂದಲೇ ಬರಲಿ, ಮೊದಲು ಅವನ ಕೈಗೆ ಹೋಗಬೇಕು. ತಪ್ಪು ಹುಡುಕಿ ಕೊಟ್ಟ ಮೇಲೆಯೇ ಉಳಿದವರು ಓದಬೇಕು.

ಆ ಕೈಗೆ ಬಾಟಲಿ ಯಾವಾಗ ಬಂತೋ ನನಗೆ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಅದು ದಿನದಿನದ ಮಾತಾಗಿತ್ತು. ಬೆಳಿಗ್ಗೆ ಸಾರಾಯಿ ಬೀಳದೆ ಬೆರಳು ನಿಲ್ಲುತ್ತಿರಲಿಲ್ಲ. ಮೊಳೆಗಳು ಕೈಯಿಂದ ಉದುರುತ್ತಿದ್ದವು. ಮುದ್ರಣಾಲಯದ ಮಾಲೀಕರು ಒಳ್ಳೆಯವರು, ತಾವೇ ಮುಂಡರಗಿಗೆ ಬಂದು ನಮಗೆ ಹೇಳಿದರು. ಧಾರವಾಡದ ಆಸ್ಪತ್ರೆಯಲ್ಲಿ ಇಟ್ಟೆವು. ಗುಣವಾಗಿ ಬಂದ. ಹೆಚ್ಚುಕಡಿಮೆ ಒಂದು ವರ್ಷ ಮುಟ್ಟಲಿಲ್ಲ. ಕೆನ್ನೆ ತುಂಬಿಕೊಂಡವು. ನಮ್ಮವರು ಅವನಿಗೆ ಹೆಣ್ಣು ನೋಡುವ ಮಾತು ಎತ್ತಿದರು. ನಾನೂ ಮೈಮರೆತೆ.

ಆ ವರ್ಷ ಜೂನಿನ ಮಿರಗದ ಮಳೆ ಚೆನ್ನಾಗಿ ಹಿಡಿದಿತ್ತು. ಹೊಲದಲ್ಲಿ ಹೆಸರುಕಾಳು ಬಿತ್ತಿ ಬಂದ ಒಂದು ಭಾನುವಾರ, ಬಸು ಗದಗಿನಿಂದ ಮನೆಗೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಯಾವಾಗಲೂ ಒಂದು ಇಲ್ಲಿ ಒಂದು ಅಲ್ಲಿ ಒದ್ದು ಒಳಗೆ ಬರುವ ಹುಡುಗ, ಅಂದು ಬಗ್ಗಿ, ಎರಡನ್ನೂ ಸಾಲಾಗಿ ಜೋಡಿಸಿ, ಮತ್ತೊಮ್ಮೆ ಸರಿಮಾಡಿ ಇಟ್ಟ. ವಾಸನೆ ನೋಡುವ ಅಗತ್ಯವೇ ಬೀಳಲಿಲ್ಲ.

‘ಯಾವಾಗಿಂದೋ ಬಸು?’

ಸುಳ್ಳು ಹೇಳಲಿಲ್ಲ. ‘ಹದಿನೈದು ದಿನಾ ಆತು.’

‘ಏನಾತು? ಯಾರರ ಏನರ ಅಂದ್ರೇನು? ಮಾಲೀಕರು ಬೈದ್ರೇನು? ದೋಸ್ತರು ಕುಡಿಸಿದ್ರೇನು?’

‘ಯಾರೂ ಏನೂ ಅಂದಿಲ್ಲವ್ವ. ಕೆಲಸಾ ಮುಗಿಸಿ ಹೊಂಟಿದ್ದೆ. ಖೋಲಿ ಕಡೆ ಹೋಗೂ ಕಾಲು ಸಾರಾಯಿ ಅಂಗಡಿ ಕಡೆ ತಿರುಗಿತು. ಖರೇನ ಕಾರಣ ಇಲ್ಲ. ಅದಕ್ಕ ನನಗ ಅಂಜಿಕಿ ಬಂದೈತಿ. ಕಾರಣ ಇದ್ದಿದ್ರ ಅದನ್ನ ಬಿಡಬಹುದಿತ್ತು.’

ನಮ್ಮವರು ಪಡಸಾಲೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೂಗಾಡಲಿಲ್ಲ. ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ, ನನಗಷ್ಟೇ ಹೇಳಿದರು. ‘ಒಂದ ಸಲ ಮಾಡೂದು ಮಾಡಿದ್ವಿ. ಇನ್ನ ನನ್ನ ಕೈಲೆ ಆಗೂದಿಲ್ಲ. ಈ ಮನ್ಯಾಗ ಅವನ ಸುದ್ದಿ ತಗೀಬ್ಯಾಡ.’

ಬೆಟಗೇರಿಯ ಡಾಕ್ಟರ ವಿಷಯ ನನಗೆ ಧಾರವಾಡದ ಆಸ್ಪತ್ರೆಯಲ್ಲಿದ್ದಾಗಲೇ ಕಿವಿಗೆ ಬಿದ್ದಿತ್ತು. ವಯಸ್ಸಾದ ಮನುಷ್ಯ, ನಿವೃತ್ತಿಯಾದ ಮೇಲೆ ನೇಕಾರರ ಓಣಿಯ ತುದಿಗೆ ಒಂದು ಹಳೆಯ ಹತ್ತಿ ಗೋದಾಮು ಹಿಡಿದು ಕುಡಿತಕ್ಕೆ ಬಿದ್ದವರನ್ನು ನೋಡುತ್ತಿದ್ದರು. ಅಲ್ಲಿ ಹಾಸಿಗೆಗಳಿರಲಿಲ್ಲ. ಬೆಳಿಗ್ಗೆ ಬರಬೇಕು, ಸಂಜೆ ಮನೆಗೆ ಹೋಗಬೇಕು. ಹಗಲೆಲ್ಲ ಏನು ಮಾಡಬೇಕೆಂಬುದು ಗೊತ್ತುಪಡಿಸಿದ್ದು. ಬೆಟಗೇರಿಯ ಜನ ಅದಕ್ಕೆ ಕುಡುಕರ ಸಾಲಿ, ಅಂದರೆ ಕುಡುಕರ ಶಾಲೆ, ಎಂದು ಹೆಸರಿಟ್ಟಿದ್ದರು.

ಮೊದಲ ಸಲ ನಾನೊಬ್ಬಳೇ ಹೋದೆ. ಡಾಕ್ಟರು ಅಂಗಳದಲ್ಲಿ ಧೋತರ ಮೇಲೆ ಕಟ್ಟಿಕೊಂಡು ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು. ಮುಂಡರಗಿ ಶಾಲೆಯ ಅಕ್ಕೋರೆಂದೂ ಮಗನ ಸಲುವಾಗಿ ಬಂದಿದ್ದೇನೆಂದೂ ಹೇಳಿದೆ.

‘ಮಗ ಎಲ್ಲೆ?’ ಎಂದರು.

‘ಗದಗಿನ ಖೋಲ್ಯಾಗ ಮಲಗ್ಯಾನ್ರಿ. ನೀವು ಇಟ್ಕೋತೀರಂದ್ರ ಕರಕೊಂಡ ಬರತೀನಿ.’

‘ನಾ ಇಟ್ಕೊಳ್ಳೂದಿಲ್ರಿ ಅಕ್ಕೋರ. ಇಟ್ಕೊಳ್ಳೋರು ನೀವ. ಹಗಲು ನನಗ ಕೊಡ್ರಿ, ರಾತ್ರಿ ನೀವು ನೋಡ್ರಿ. ಮನ್ಯಾವ್ರು ಒಬ್ಬರು ಜತಿಗೆ ಇರಬೇಕು, ಅದಿಲ್ಲದ ನಾ ಯಾರ್ನೂ ಸೇರಿಸೂದಿಲ್ಲ. ಎಲ್ಲಾರೂ ನನಗ ಕೇಳ್ತಾರ, ಎಷ್ಟ ದಿನದಾಗ ಬಿಡಸ್ತೀರಿ ಅಂತ. ಬಿಡಸೂದು ದೊಡ್ಡ ಮಾತಲ್ಲ. ಬಿಟ್ಟ ಮ್ಯಾಲೆ ಖಾಲಿ ಬಿದ್ದ ಹಗಲು ಏನ್ ಮಾಡೂದು? ಅದನ್ನ ಕಲಸಾಕ ಈ ಸಾಲಿ.’

ಊರಿನವರು ಹಂಗಿಸಿ ಇಟ್ಟ ಹೆಸರನ್ನು ಅವರೂ ಹೇಳುತ್ತಿದ್ದರು, ಬೇಸರವಿಲ್ಲದೆ.

ನಾನು ಬಿನ್‌ಪಗಾರಿ ರಜೆ, ಸಂಬಳವಿಲ್ಲದ ರಜೆ, ಹಾಕಿದೆ. ಹಾಗೆಂದು ಹೇಳಿದಾಗ ನಮ್ಮವರು ಉಣ್ಣುತ್ತಿದ್ದರು. ತಟ್ಟೆ ಸರಿಸಲಿಲ್ಲ, ತಲೆ ಎತ್ತಲಿಲ್ಲ. ‘ನನಗ ರೊಟ್ಟಿ ಯಾರು ಬಡಿಬೇಕು?’ ಎಂದರು. ‘ನಿಮ್ಮ ತಮ್ಮನ ಹೆಂಡ್ತಿಗೆ ಹೇಳೇನ್ರಿ’ ಎಂದೆ. ನಮ್ಮಿಬ್ಬರ ನಡುವೆ ಆ ಮಳೆಗಾಲದ ಬಗ್ಗೆ ಆದ ಮಾತು ಅಷ್ಟೇ.

ಗೋದಾಮಿಗೆ ಎದುರುಬದುರಾಗಿ ನಿಂಗವ್ವ ಎಂಬ ನೇಕಾರಗಿತ್ತಿಯ ಮನೆ. ಗಂಡನಿಲ್ಲದ ಹೆಂಗಸು, ಅವಳೂ ಅವಳ ಮೈದುನನೂ ಮಗ್ಗ ನಡೆಸುತ್ತಿದ್ದರು. ಮಗ್ಗದ ಮನೆಗೆ ಹೊಂದಿದ ಒಂದು ಖೋಲಿಯನ್ನು ನಮಗೆ ಕೊಟ್ಟಳು. ಯಾಕೆ ಬಂದಿದ್ದೇವೆಂದು ಮುಚ್ಚಿಡುವ ಹಾಗಿರಲಿಲ್ಲ. ನಾನು ಹೇಳಲು ಬಾಯಿ ತೆರೆದರೆ, ‘ಗೊತ್ತೈತಿ ಬಿಡ್ರಿ ಅಕ್ಕೋರ. ಒಲಿ ಅಲ್ಲೈತಿ, ನೀರು ಮುಂಜಾನೆ ಜಲ್ದಿ ಹಿಡೀಬೇಕು’ ಎಂದು ಮಗ್ಗಕ್ಕೆ ಕುಳಿತಳು.

ಮೊದಲ ಕೆಲವು ದಿನ ಬಸುವನ್ನು ದೊಡ್ಡ ಆಸ್ಪತ್ರೆಯಲ್ಲಿ ಮಲಗಿಸಿದರು. ಒಮ್ಮೆಲೆ ಬಿಟ್ಟರೆ ಜೀವಕ್ಕೇ ಅಪಾಯವಂತೆ. ಮೈ ಬೆವರಿ ಹಾಸಿಗೆ ತೊಯ್ಯುತ್ತಿತ್ತು. ಗೋಡೆಯ ಮೇಲಿನಿಂದ ಅಚ್ಚಿನ ಮೊಳೆಗಳು ಸಾಲುಸಾಲಾಗಿ ಇಳಿದು ಬರುತ್ತಿವೆ ಎಂದು ಹೇಳುತ್ತಿದ್ದ. ‘ಓದಾಕ ಬರವಲ್ದವ್ವ, ಯಾವ ಭಾಷಾನೂ ಅಲ್ಲ ಅದು’ ಎಂದು ಅಳುತ್ತಿದ್ದ. ನಾನು ಅವನ ಅಂಗೈಯನ್ನು ನನ್ನ ಅಂಗೈಯಲ್ಲಿ ಒತ್ತಿ ಹಿಡಿದು ಕೂತಿದ್ದೆ. ಅದು ಇಳಿದ ಮೇಲೆ ನಮ್ಮ ಶಾಲೆ ಶುರುವಾಯಿತು.

ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಅಂಗಿ ಹಾಕಿ, ಓಣಿ ದಾಟಿ ಹೋಗಬೇಕು. ಅಲ್ಲಿ ನರ್ಸಬಾಯಿ ಎದುರಿಗೆ ಒಂದು ಗುಳಿಗೆ ನುಂಗಬೇಕು. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಎದೆ ಹೊಡೆದುಕೊಂಡು, ಮುಖ ಕೆಂಪಾಗಿ ವಾಂತಿಯಾಗುತ್ತಿತ್ತು. ಆಮೇಲೆ ಕೆಲಸ. ಕೆಲವರು ಗಿಡಗಳಿಗೆ, ಕೆಲವರು ಅಡುಗೆಗೆ, ಉಳಿದವರು ಕಂಡಿಕೆ ಸುತ್ತಲು. ಓಣಿಯ ನೇಕಾರರು ನೂಲು ಕಳಿಸುತ್ತಿದ್ದರು, ಲಾಳಿಗೆ ಹಾಕುವ ಸಣ್ಣ ಕಂಡಿಕೆಗಳಿಗೆ ಅದನ್ನು ರಾಟಿಯ ಮೇಲೆ ಸುತ್ತಬೇಕು. ಮಧ್ಯಾಹ್ನ ಎಲ್ಲರೂ ದುಂಡಗೆ ಕುಳಿತು ಮಾತು. ಯಾರು ಏನು ಹೇಳಿದರೂ ಉಳಿದವರು ನಗುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಮಲಗುವಂತಿಲ್ಲ. ಸಂಜೆ ಮಲ್ಲಸಮುದ್ರದ ಕಡೆಗೋ ಮತ್ತೊಂದು ಕಡೆಗೋ ಎಲ್ಲರೂ ಕೂಡಿ ದೂರ ನಡೆದು ಬರಬೇಕು. ಆಮೇಲೆ ಅವರವರ ಮನೆ.

ಬಸುವಿಗೆ ಕಂಡಿಕೆ ಕೊಟ್ಟರು. ಮೊದಲ ದಿನಗಳಲ್ಲಿ ಅವನು ಹಿಡಿದ ಎಳೆ ಎಳೆಯೂ ಹರಿಯುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಮೊಳೆಗಳನ್ನು ನೋಡದೆಯೇ ಎತ್ತಿ ಜೋಡಿಸುತ್ತಿದ್ದ ಬೆರಳುಗಳು ಅವು. ನಾನು ಹೊರಗಿನ ಪಡಸಾಲೆಯಲ್ಲಿ ಬೇರೆ ಹೆಂಗಸರ ಜೊತೆ ಕೂತು ನೋಡುತ್ತಿದ್ದೆ. ಎದ್ದು ಹೋಗಿ ಹರಿದ ಎಳೆ ಕೂಡಿಸಿ ಕೊಡಬೇಕೆನಿಸುತ್ತಿತ್ತು. ಪಕ್ಕದಲ್ಲಿದ್ದ ದ್ಯಾಮವ್ವ ನನ್ನ ಸೆರಗು ಜಗ್ಗಿ ಕೂಡಿಸುತ್ತಿದ್ದಳು. ಅವಳು ಶಿರಹಟ್ಟಿಯವಳು. ಅವಳ ಗಂಡ ಫಕೀರಪ್ಪ ಬಸ್ ಕಂಡಕ್ಟರ್, ನಲವತ್ತರ ಆಚೆಯ ಮನುಷ್ಯ. ಇಬ್ಬರೂ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರು. ಫಕೀರಪ್ಪ ಬೆಳಿಗ್ಗೆ ಬಾಗಿಲಲ್ಲಿ ನಿಂತು, ‘ಒಳಗ ಸರೀರಿ, ಒಳಗ ಸರೀರಿ, ಹಿಂದ ಜಾಗಾ ಭಾಳ ಐತಿ’ ಎಂದು ಎಲ್ಲರನ್ನೂ ಹತ್ತಿಸಿಕೊಳ್ಳುತ್ತಿದ್ದ. ಆ ಮಾತಿಗೆ ಬಸು ನಕ್ಕಿದ್ದನ್ನು ಕಂಡು ನನಗೆ ಅಳು ಬಂದಿತ್ತು. ಅವನು ನಕ್ಕು ಎಷ್ಟು ದಿನವಾಗಿತ್ತೋ.

ಆಷಾಢದ ಗಾಳಿ ಬೀಸತೊಡಗಿತು. ಕಪ್ಪತಗುಡ್ಡದ ಕಡೆಯಿಂದ ಮೋಡಗಳು ಓಡಿ ಬರುತ್ತಿದ್ದವು, ಹನಿ ಉದುರಿಸದೆ ಓಡಿ ಹೋಗುತ್ತಿದ್ದವು. ಓಣಿಯಲ್ಲಿ ಕಟ್ಟಿದ ನೂಲಿನ ಹಾಸಿನ ಮೇಲೆ ಧೂಳು ಬೀಳುತ್ತದೆಂದು ನಿಂಗವ್ವ ಗಾಳಿಗೆ ಶಾಪ ಹಾಕುತ್ತಿದ್ದಳು. ಅಂಥ ಒಂದು ಸಂಜೆ ಬಸು ಸೋಪು ತರುತ್ತೇನೆಂದು ಹೋದವನು ಬರಲಿಲ್ಲ. ಮರುದಿನ ಬೆಳಗಾದ ಮೇಲೆ ಬಂದ. ಅಂಗಿಯ ತುಂಬ ಎರಿ ಮಣ್ಣು. ಹಿಂದಿನೆರಡು ದಿನ ಗುಳಿಗೆಯನ್ನು ನಾಲಗೆಯಡಿ ಇಟ್ಟುಕೊಂಡು ಉಗುಳಿದ್ದನಂತೆ.

ನಾನು ಮುಂಡರಗಿಗೆ ಹೋಗಿಬಿಡೋಣವೆಂದು ಚೀಲಕ್ಕೆ ಅರಿವೆ ತುಂಬತೊಡಗಿದೆ. ಬಸು ಬಚ್ಚಲಿಗೆ ಹೋಗಿ ತಣ್ಣೀರು ಸುರುವಿಕೊಂಡು, ಒದ್ದೆ ತಲೆಯಲ್ಲೇ ಬಂದು ನಿಂತ.

‘ಸಾಲಿಗೆ ಹೋಗೂನು ನಡಿ ಅವ್ವ’ ಎಂದ.

‘ಯಾವ ಮುಖಾ ಇಟಗೊಂಡು?’

‘ಇದ ಮುಖಾ. ಬ್ಯಾರೆ ಎಲ್ಲಿಂದ ತರಲಿ?’

ಹೋದೆವು. ಡಾಕ್ಟರು ಅವನ ಬಾಯಿ, ಕಣ್ಣು ನೋಡಿದರು. ನಾಡಿ ಹಿಡಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ‘ನಿನ್ನಿದು ನಿನ್ನಿಗೆ ಹೋತು. ಇವತ್ತ ಬಂದಿ ಅಲ್ಲ, ಹೋಗು, ರಾಟಿ ಹಿಡಿ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಅಕ್ಕೋರ, ನಿಮ್ಮ ಹುಡುಗ್ರು ಅಕ್ಷರಾ ತಪ್ಪ ಬರದ್ರ ಏನ್ ಮಾಡ್ತೀರಿ?’ ಎಂದರು.

‘ಅಳಸಿ ಮತ್ತ ಬರಸ್ತೀನ್ರಿ.’

‘ಪಾಟಿ ಒಡೀತೀರೇನು?’

ಮನೆಗೆ ಬಂದು ಚೀಲದಿಂದ ಅರಿವೆ ತೆಗೆದು ಮತ್ತೆ ಹಗ್ಗದ ಮೇಲೆ ಹಾಕಿದೆ.

ನಾಗರ ಪಂಚಮಿಗೆ ಗೀತಾ ಲಕ್ಷ್ಮೇಶ್ವರದಿಂದ ತವರಿಗೆ ಬರಬೇಕಿತ್ತು. ತಮ್ಮ ಹೀಗಾಗಿ, ತಾಯಿ ಬೆಟಗೇರಿಯಲ್ಲಿ ಕೂತಿದ್ದಾಳೆಂಬ ಸುದ್ದಿ ಅವಳ ಅತ್ತೆಯ ಮನೆಗೆ ಮುಟ್ಟಿತ್ತು. ಕಳಿಸಲಿಲ್ಲ. ಅವಳು ಗದಗಿನಲ್ಲಿ ಕಣ್ಣು ತೋರಿಸಬೇಕೆಂದು ಸುಳ್ಳು ಹೇಳಿ, ಹಬ್ಬದ ಮರುದಿನ ಶೇಂಗಾದುಂಡಿ, ಅಳ್ಳು ಕಟ್ಟಿಕೊಂಡು ಬಂದಳು. ಬಸು ಅವಳಿಗೆ ಮುಖ ತೋರಿಸಲಾರದೆ ಮಗ್ಗದ ಮನೆಯಲ್ಲಿ ಅಡಗಿ ಕುಳಿತ. ಗೀತಾ ಒಳಗೆ ಹೋಗಿ ಅವನ ಪಕ್ಕದಲ್ಲಿ ಕೂತಳು. ಏನು ಮಾತಾಡಿದರೋ ಮಗ್ಗದ ಸಪ್ಪಳದಲ್ಲಿ ನನಗೆ ಕೇಳಲಿಲ್ಲ. ಹೊರಗೆ ಬಂದಾಗ ಅಕ್ಕ ತಮ್ಮ ಇಬ್ಬರ ಕಣ್ಣೂ ಕೆಂಪಾಗಿದ್ದವು, ಇಬ್ಬರ ಬಾಯಲ್ಲೂ ಉಂಡಿ ಇತ್ತು.

ಶ್ರಾವಣದಲ್ಲಿ ಮಳೆ ಹಿಡಿಯಿತು. ಗಂಜಿ ಹಾಕಿದ ಹಾಸು ಓಣಿಯಲ್ಲಿ ಒಣಗದೆ ನೇಕಾರರು ಆಕಾಶ ನೋಡುತ್ತ ಕೂರುತ್ತಿದ್ದರು. ಬಸುವಿನ ಕೈನಡುಕ ನಿಂತಿತ್ತು. ಅವನು ಸುತ್ತಿದ ಕಂಡಿಕೆಗಳನ್ನು ನಿಂಗವ್ವ ಬೇರೆಯಾಗಿ ಎತ್ತಿಟ್ಟುಕೊಳ್ಳುತ್ತಿದ್ದಳು. ಅವು ಲಾಳಿಯಲ್ಲಿ ತೊಡಕುವುದಿಲ್ಲವಂತೆ. ಆ ದಿನಗಳಲ್ಲಿಯೇ ಫಕೀರಪ್ಪ ಬರುವುದು ನಿಂತಿತು. ಮೊದಲ ದಿನ ಮಳೆಗೆ ಬಸ್ಸು ತಪ್ಪಿರಬೇಕೆಂದುಕೊಂಡೆವು. ಮೂರನೆಯ ದಿನ ದ್ಯಾಮವ್ವ ಒಬ್ಬಳೇ ಬಂದಳು. ಹುಬ್ಬಿನ ಮೇಲೆ ಗಾಯವಿತ್ತು. ಪಡಸಾಲೆಯಲ್ಲಿ ಕೂತವಳು ತಲೆ ಎತ್ತಲಿಲ್ಲ.

ಅಂದು ಮಧ್ಯಾಹ್ನ ಮಾತಿನ ಹೊತ್ತಿಗೆ ಬಸು ಎದ್ದು ನಿಂತು, ‘ನಾ ಶಿರಹಟ್ಟಿಗೆ ಹೋಗಿ ಕಾಕಾನ್ನ ಕರಕೊಂಡ ಬರತೀನ್ರಿ’ ಎಂದ.

ಡಾಕ್ಟರು ನನ್ನನ್ನು ಒಳಗೆ ಕರೆದರು. ‘ನೀವ ಹೇಳ್ರಿ. ಹೋಗಲಿ ಅಂತೀರೋ ಬ್ಯಾಡ ಅಂತೀರೋ?’

‘ನಾನೂ ಜತಿಗೆ ಹೋಗ್ತೀನ್ರಿ.’

‘ನೀವು ಜತಿಗೆ ಹೋದ್ರ ಫಕೀರಪ್ಪ ಮಾರಿ ತೋರಸೂದಿಲ್ಲ.’

ಬಸುವನ್ನು ನೋಡಿದೆ. ಫಕೀರಪ್ಪ ಇರುವುದು ಸಾರಾಯಿ ಅಂಗಡಿಯಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತು. ಈ ಹುಡುಗ ಅಲ್ಲಿಗೇ ಹೋಗಿ, ಅವನ ಪಕ್ಕದಲ್ಲೇ ಕೂತು ಮಾತಾಡಬೇಕು. ಬೇಡವೆಂದರೆ ಅವನು ನಿಲ್ಲುತ್ತಿದ್ದ. ಆದರೆ ಎಷ್ಟು ದಿನ ನಾನು ಬೇಡವೆನ್ನುತ್ತ ಇರಲಿ? ‘ಹೋಗಿ ಬಾ’ ಎಂದೆ. ರೊಟ್ಟಿ ಕಟ್ಟಿ ಕೊಟ್ಟೆ, ಇಬ್ಬರಿಗಾಗುವಷ್ಟು.

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಕಂಡಿಲ್ಲ. ಮಳೆ ಹೊಡೆಯುತ್ತಲೇ ಇತ್ತು. ನಿಂಗವ್ವ ಕೆಲಸ ಬಿಟ್ಟು ನನ್ನ ಜೊತೆ ಕೂತಳು, ಸುಮ್ಮನೆ ನೂಲಿನ ಗಂಟು ಬಿಡಿಸುತ್ತ. ಸಂಜೆಯ ಬಸ್ಸು ಬಂತು. ಬಸು ಒಬ್ಬನೇ, ತೊಯ್ದು ತೊಪ್ಪೆಯಾಗಿ, ಓಣಿಯಲ್ಲಿ ನಡೆದು ಬಂದ. ಕಟ್ಟಿಕೊಟ್ಟ ಬುತ್ತಿ ಕೈಯಲ್ಲಿರಲಿಲ್ಲ.

‘ಸಿಕ್ಕಿದ್ದ’ ಎಂದ. ‘ಜತಿಗೆ ಕುಂತೆ. ರೊಟ್ಟಿ ತಿನಿಸಿದೆ. ಭಾಳ ಅತ್ತ. ಬರಲಿಲ್ಲ.’ ಆಮೇಲೆ ನನ್ನ ಮುಖದ ಹತ್ತಿರಕ್ಕೆ ಬಗ್ಗಿ ಬಾಯಿ ತೆರೆದ. ಸಣ್ಣವನಿದ್ದಾಗ ಮಾವಿನಕಾಯಿ ಕದ್ದು ತಿಂದಿಲ್ಲವೆಂದು ತೋರಿಸಲು ತೆರೆಯುತ್ತಿದ್ದ ಹಾಗೆ. ‘ನೋಡವ್ವ. ಮುಟ್ಟಿಲ್ಲ.’

ನಾನು ಸೆರಗಿನಿಂದ ಅವನ ತಲೆ ಒರೆಸಿದೆ. ‘ಬಾಯಿ ಮುಚ್ಚು, ಥಂಡಿ ಆಗತೈತಿ’ ಎಂದೆ. ವಾಸನೆ ನೋಡಲಿಲ್ಲ. ಅವನಿಗೆ ಅದು ತಿಳಿಯಿತು. ಊಟಕ್ಕೆ ಕುಳಿತಾಗ ಎರಡು ಸಲ ತಲೆ ಎತ್ತಿ ನನ್ನನ್ನು ನೋಡಿದ.

ಒಂದು ವಾರ ಕಳೆದು ಫಕೀರಪ್ಪ ತಾನೇ ಬಂದ. ಬಾಗಿಲಲ್ಲಿ ನಿಂತು ಒಳಗೆ ಬರಲಾರದೆ ಇದ್ದಾಗ ಬಸು ರಾಟಿ ಬಿಟ್ಟು ಎದ್ದು ಹೋಗಿ, ‘ಒಳಗ ಸರೀರಿ ಕಾಕಾ, ಹಿಂದ ಜಾಗಾ ಭಾಳ ಐತಿ’ ಎಂದ.

ಹಿರೇವಡ್ಡಟ್ಟಿಯ ಹೊಲದಲ್ಲಿ ಹೆಸರು ಬಿಡಿಸುವ ಹೊತ್ತಿಗೆ ನಮ್ಮವರು ಬೆಟಗೇರಿಗೆ ಬಂದರು. ಬರುತ್ತೇನೆಂದು ತಿಳಿಸಿರಲಿಲ್ಲ. ನಿಂಗವ್ವನ ಮನೆಯಲ್ಲಿ ಹೊಸ ಹೆಸರಿನ ಚೀಲ ಇಳಿಸಿ, ಟೊಪ್ಪಿಗೆ ಸರಿಮಾಡಿಕೊಂಡು, ಓಣಿ ದಾಟಿ ಬಂದು ಗೋದಾಮಿನ ಹೊರಗೆ ನಿಂತರು. ನಾನು ಪಡಸಾಲೆಯಿಂದ ಕಂಡೆ. ಒಳಗೆ ಕರೆದರೂ ಬರಲಿಲ್ಲ. ಬೇಲಿಯ ಆಚೆ ನಿಂತು, ಬದನೆ ಗಿಡಗಳ ನಡುವೆ ಕಳೆ ಕೀಳುತ್ತಿದ್ದ ಮಗನನ್ನು ನೋಡಿದರು. ಬಸು ಎದ್ದು ನಿಂತ. ಕೈಯ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡ.

‘ಊಟಾ ಆತೇನು?’ ಎಂದರು.

‘ಇನ್ನೂ ಇಲ್ಲಪ್ಪ. ಗಂಟಿ ಹೊಡೀಬೇಕು.’

‘ಹ್ಞೂಂ. ಹೆಸರು ಈ ವರ್ಷ ಛಲೋ ಬಂದೈತಿ.’

‘ಹೌದೇನಪ್ಪ.’

ಅಷ್ಟೇ. ತಿರುಗಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು. ಓಣಿಯ ತುದಿಯಲ್ಲಿ ಒಮ್ಮೆ ನಿಂತು ಹಿಂದಕ್ಕೆ ನೋಡಿದ್ದು ನನಗೆ ಕಾಣಿಸಿತು. ಬಸುವಿಗೆ ಕಾಣಿಸಲಿಲ್ಲ. ಅವನು ಮತ್ತೆ ಕಳೆ ಕೀಳಲು ಬಗ್ಗಿದ್ದ. ಆ ಮಧ್ಯಾಹ್ನ ದುಂಡಗೆ ಕೂತಾಗ, ಅಪ್ಪ ಹೆಸರು ತಂದಿದ್ದಾರೆಂದು ಎಲ್ಲರಿಗೂ ಹೇಳಿದನಂತೆ.

ಹಸ್ತದ ಮಳೆ ಮುಗಿದು ಚಿತ್ತಿ ಹಿಡಿಯುವ ಹೊತ್ತಿಗೆ ಡಾಕ್ಟರು ಅವನಿಗೆ ಕೆಲಸಕ್ಕೆ ಹೋಗಲು ಹೇಳಿದರು. ಮೊದಲು ಅರ್ಧ ದಿನ ಮುದ್ರಣಾಲಯ, ಅರ್ಧ ದಿನ ಸಾಲಿ. ದೀಪಾವಳಿ ಕಳೆದ ಮೇಲೆ ಪೂರ್ತಿ ದಿನ. ನಾನು ಮುಂಡರಗಿಗೆ ಮರಳಿದೆ. ಹೊರಡುವ ದಿನ ಬಸು ನನ್ನ ಕೈಗೆ ಒಂದು ಸಣ್ಣ ಕಾಗದ ಕೊಟ್ಟ. ತಾನೇ ಮೊಳೆ ಜೋಡಿಸಿ ಅಚ್ಚು ಹಾಕಿದ ವರ್ಣಮಾಲೆ, ನನ್ನ ಶಾಲೆಯ ಮಕ್ಕಳಿಗೆಂದು. ಳಕಾರದ ಹೊಟ್ಟೆ ಸರಿಯಾಗಿತ್ತು.

ಆಮೇಲಿನ ಕೆಲವು ವರ್ಷ ಚೆನ್ನಾಗಿದ್ದ. ಇದನ್ನು ಹೇಳದೆ ಹೋದರೆ ಅವನಿಗೆ ಅನ್ಯಾಯವಾಗುತ್ತದೆ. ಭಾನುವಾರ ಮನೆಗೆ ಬರುತ್ತಿದ್ದ, ಚಪ್ಪಲಿಯನ್ನು ಬೇಕಾದ ಹಾಗೆ ಬಿಸಾಡುತ್ತಿದ್ದ. ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿದ್ದ. ಗೀತಾಳ ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಲಕ್ಷ್ಮೇಶ್ವರದ ಬೀಗರೇ ಅವನನ್ನು ಮುಂದೆ ನಿಂತು ಕರೆದರು. ಮದುವೆಯ ಮಾತಿಗೆ ಮಾತ್ರ ಒಪ್ಪಲಿಲ್ಲ. ‘ಮತ್ತೊಂದು ಜೀವಾ ಯಾಕ ಪಡಸಾಲ್ಯಾಗ ಕುಂಡ್ರಸೂದು’ ಎನ್ನುತ್ತಿದ್ದ.

ಡಾಕ್ಟರಿಗೆ ಕಣ್ಣು ಮಂಜಾಗಿ, ಅವರ ಮಗಳು ಬಂದು ತನ್ನೂರಿಗೆ ಕರೆದುಕೊಂಡು ಹೋದಳು. ಆ ಕೆಲಸ ಹಿಡಿಯುವವರು ಯಾರೂ ಬರಲಿಲ್ಲ. ಗೋದಾಮಿಗೆ ಬೀಗ ಬಿತ್ತು. ಮರುವರ್ಷ ಬಸುವಿನ ಕಾಲು ಮತ್ತೆ ಆ ಕಡೆ ತಿರುಗಿತು. ಆ ಸಲ ಅವನು ನಮಗೆ ತಿಳಿಯಗೊಡಲಿಲ್ಲ. ಮನೆಗೆ ಬರುವುದನ್ನೇ ಕಡಿಮೆ ಮಾಡಿದ. ಮುದ್ರಣಾಲಯದಲ್ಲಿ ಕೆಲಸ ಹೆಚ್ಚೆಂದು ಹೇಳಿ ಕಳಿಸುತ್ತಿದ್ದ. ನಮಗೆ ಖಬರು ಬಂದಾಗ ಅವನ ಕಣ್ಣು ಅರಿಶಿನದ ಹಾಗೆ ಹಳದಿಯಾಗಿತ್ತು, ಹೊಟ್ಟೆಯಲ್ಲಿ ನೀರು ತುಂಬಿತ್ತು. ಹುಬ್ಬಳ್ಳಿಗೆ ಒಯ್ದೆವು. ಅಪ್ಪನೇ ಅವನನ್ನು ಎತ್ತಿ ಮಲಗಿಸುತ್ತಿದ್ದರು, ಬಾಯಿಗೆ ನೀರು ಬಿಡುತ್ತಿದ್ದರು. ಎಳ್ಳಮಾವಾಸ್ಯೆಯ ಮುಂಚೆ ಬಸು ಹೋಗಿಬಿಟ್ಟ. ಹಿರೇವಡ್ಡಟ್ಟಿಯ ಹೊಲದಲ್ಲಿ, ಹಿಂಗಾರಿ ಜೋಳ ಎದೆಯೆತ್ತರ ನಿಂತಿದ್ದಾಗ, ಅವನನ್ನು ಮಣ್ಣು ಮಾಡಿದೆವು. ಇಪ್ಪತ್ತೇಳು ವರ್ಷದ ಹುಡುಗ.

ಮಾತಾಡಿಸಲು ಬಂದವರಲ್ಲಿ ಫಕೀರಪ್ಪ ದ್ಯಾಮವ್ವ ಇದ್ದರು. ಫಕೀರಪ್ಪ ಸಾಲಿಗೆ ಮರಳಿದ ಅಂದಿನಿಂದ ಕುಡಿದಿರಲಿಲ್ಲ. ಮೈಮೇಲೆ ಖಾಕಿ ಅಂಗಿ, ಡ್ಯೂಟಿಯಿಂದ ನೇರ ಬಂದಿದ್ದ. ನಮ್ಮವರ ಕಾಲ ಬಳಿ ಕೂತು, ‘ನನ್ನ ಕರಿಯಾಕ ಮಳ್ಯಾಗ ಬಂದಿದ್ದನ್ರಿ ಅಂವಾ. ಕರಿಯಾಕ ಬಂದಾಂವ ಹೋದ, ನಾ ಉಳದೆ’ ಎಂದು ಎದೆ ಬಡಿದುಕೊಂಡ. ನಮ್ಮವರು ಅವನ ಕೈ ಹಿಡಿದು ನಿಲ್ಲಿಸಿದರು.

ಅವರೆಲ್ಲ ಹೋದ ಮೇಲೆ ನಿಂಗವ್ವ ಬಂದಳು. ಬೆಟಗೇರಿಯಿಂದ ಒಬ್ಬಳೇ ಬಸ್ಸು ಹಿಡಿದು ಬಂದಿದ್ದಳು. ನೀರು ಕೊಟ್ಟರೆ ಕುಡಿಯಲಿಲ್ಲ. ತಂಬಿಗೆ ಬದಿಗಿಟ್ಟು ಹೇಳಿದಳು.

‘ಅಕ್ಕೋರ, ಒಂದ ಮಾತು ಹೊಟ್ಯಾಗ ಇಟಗೊಂಡೀನಿ. ದಸರಾ ಮುಗದ ಮ್ಯಾಲೆ ಅಂವಾ ಬಂದಿದ್ದಾ.’

‘ಎಲ್ಲಿಗೆ?’

‘ಸಾಲಿಗ್ರಿ. ಮುಂಜಾನೆ ನಾ ಅಂಗಳಾ ಕಸಾ ಹೊಡಿಯಾಕ ಹೊರಗ ಬಂದ್ರ, ಗೋದಾಮಿನ ಬಾಗಲದ ಮುಂದ ಕುಂತಾನ. ಜಳಕಾ ಮಾಡಿ, ಒಗದಂಗಿ ಹಾಕ್ಕೊಂಡಾನ. ಕೈ ಹಿಂಗ ನಡಗತಾವು. “ಯಾಕೋ ಬಸು, ಡಾಕ್ಟರು ಹೋಗಿ ಎಷ್ಟ ದಿನಾ ಆತು, ಬೀಗಾ ಹಾಕೈತಲ್ಲೋ” ಅಂದೆ. “ಗೊತ್ತೈತಿ ನಿಂಗವ್ವ. ಬ್ಯಾರೆ ಎಲ್ಲೂ ಕುಂಡ್ರಾಕ ಆಗವಲ್ದು. ಇಲ್ಲಿ ಕುಂತ್ರ ಹಗಲು ದಾಟತೈತಿ” ಅಂದ. ನಾನು ಒಂದೀಟು ನೂಲು, ರಾಟಿ ತಂದು ಕೊಟ್ಟೆ. ಸುತಗೋತ ಕುಂತ. ಮಧ್ಯಾಹ್ನ ರೊಟ್ಟಿ ಕೊಟ್ರ ಅರ್ಧಾ ತಿಂದ. ಸಂಜಿಕ, ಸಾಲಿ ಬಿಡೂ ಹೊತ್ತಿಗೆ, ಎದ್ದು ಹ್ವಾದ. ಹಂಗ ನಾಕೈದು ದಿನಾ ಬಂದ್ನಿರಿ. ಆಮ್ಯಾಲೆ ಬರಲಿಲ್ಲ. ಆರಾಮ ಆಗಿರಬೇಕಂತ ತಿಳಕೊಂಡೆ.’

‘ನನಗ ಯಾಕ ಹೇಳಲಿಲ್ಲ ನಿಂಗವ್ವ? ಒಂದ ಮಾತು ಹೇಳಿ ಕಳಸಬಾರದಿತ್ತೇನು?’

‘ಆಣಿ ಹಾಕಿದ್ನಿರಿ. “ಅವ್ವಗ ಹೇಳಬ್ಯಾಡ, ಆಕಿ ಮತ್ತ ರಜಾ ಹಾಕಿ ಬಂದಬಿಡತಾಳ” ಅಂದ.’

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಡಸಾಲೆಯ ಆ ಬದಿಗೆ ನಮ್ಮವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಹತ್ತಿದೆಯೆಂದು ನಾನು ತಿಳಿದಿದ್ದೆ. ಅವರು ನಿಧಾನವಾಗಿ ಎದ್ದು ಕುಳಿತರು.

‘ಗೊತ್ತಾಗಿದ್ರ ಹೋಗತಿದ್ದಿ ಅಲ್ಲ?’ ಎಂದು ನನ್ನನ್ನು ಕೇಳಿದರು.

‘ಹೋಗತಿದ್ದೆ’ ಎಂದೆ.

ಅವರು ನಿಂಗವ್ವನನ್ನು ನೋಡಿದರು, ಆಮೇಲೆ ನನ್ನನ್ನು.

‘ಈ ಸಲ ನಾನೂ ಬರತಿದ್ದೆ’ ಎಂದರು.